ಕೊಬ್ಬರಿ ಕೋಣೆಯ ಬಾಗಿಲು

ಕಡೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಶರಣ್ಯಾಗೆ ಕುರ್ಚಿಯೇನೋ ಇದೆ, ಅವಳು ಅದರಲ್ಲಿ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಎಳೆಮಗುವನ್ನು ಪಂಚನಹಳ್ಳಿಯಲ್ಲಿ ಅತ್ತೆಯ ಕೈಗಿತ್ತು ಬರುತ್ತಾಳೆ. ಹೊತ್ತೇರಿದಂತೆ ಎದೆ ಬಿಗಿಯುತ್ತದೆ, ಒದ್ದೆ ಕಂಡೀತೆಂದು ವೇಲನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಾಳೆ. ಗಿರಾಕಿಯೊಬ್ಬಳ ಕಂಕುಳಿನ ಕೂಸು ಅತ್ತರಂತೂ ಮುಗಿಯಿತು, ತೂಕದ ಚೀಟಿಯನ್ನು ಅರ್ಧಕ್ಕೇ ಬಿಟ್ಟು, "ಎರಡೇ ನಿಮಿಷ, ಬಂದೆ" ಎನ್ನುತ್ತಾ ಹಾಲು ತೆಗೆಯುವ ಪಂಪು ಹಿಡಿದು ಮೂಟೆಗಳ ಕೋಣೆಗೆ ಓಡುತ್ತಾಳೆ. ಆ ಕೋಣೆಗೆ ಚಿಲಕವಿಲ್ಲ. ಮೂಟೆಯ ಮೇಲೆ ಕೂತು, ಎಡಗಾಲಿನಿಂದ ಬಾಗಿಲು ಒತ್ತಿ ಹಿಡಿದೇ ಹಾಲು ತೆಗೆಯಬೇಕು. ಮೊದಮೊದಲು ಪಂಪಿನ ಸದ್ದು ಕೇಳಿದ ಹಮಾಲಿ ದೇವೀರಪ್ಪ, "ಕೊಬ್ರಿಗೆ ಇಲಿ ಬಿದ್ದವೆ ಕಣ್ರೀ" ಎಂದು ದೊಣ್ಣೆ ಹಿಡಿದು ಬಂದು ಬಾಗಿಲು ನೂಕಿದ್ದ. "ನಾನು ಕಣಣ್ಣ, ಇಲಿಯಲ್ಲ" ಎಂದಿದ್ದಳು ಒಳಗಿನಿಂದ. ಅಂದಿನಿಂದ ಅವನೇ ಯಾರನ್ನೂ ಆ ಕಡೆ ಬಿಡುವುದಿಲ್ಲ. ಆದರೂ ಅವಳ ಕಾಲು ಸಡಿಲವಾಗಿಲ್ಲ. ಭಾನುವಾರ ಮನೆಯ ಪಡಸಾಲೆಯ ನಡುವೆ ಕೂತು ಮಗುವಿಗೆ ಹಾಲೂಡಿಸುವಾಗ, "ಯಾಕಮ್ಮ, ಕಾಲು ಹಂಗೆ ಬಿಗಿಯಾಗಿ ಚಾಚ್ಕಂಡಿದೀಯ?" ಎಂದು ಅತ್ತೆ ಕೇಳುತ್ತಾರೆ. ಆಗ ನೋಡಿಕೊಳ್ಳುತ್ತಾಳೆ: ಎಡಗಾಲು ಅಲ್ಲಿ ಇಲ್ಲದ ಬಾಗಿಲನ್ನು ಒತ್ತಿ ಹಿಡಿದಿರುತ್ತದೆ.