ಸ್ಟೇಪಣ್ಣನ ಮೂರು ಹೆಸರಿನ ಊರು

ಕಳ್ಳಿನ ಲೋಟವನ್ನು ತುಟಿಗಿಡುವ ಮೊದಲು, ಅದು ಯಾವ ಗುಡ್ಡೆಯ ಯಾವ ಮಗ್ಗುಲಿನ ಮರದ್ದು ಎಂದು ವಿಚಾರಿಸುತ್ತಿದ್ದ ಮನುಷ್ಯನನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಮಂಗಳೂರಿನ ಕುಲಶೇಖರದಲ್ಲಿ ನನ್ನ ಮಾವನ ಕಳ್ಳಿನ ಗಡಂಗು ಇತ್ತು. ಸಂಜೆ ಹಂಚಿನ ಕಾರ್ಖಾನೆ ಬಿಟ್ಟ ಮೇಲೆ ಆ ಗಿರಾಕಿ ಅಲ್ಲಿಗೆ ಬಂದು, ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟು, ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದರು. ಕಳ್ಳಿನೊಳಗೆ ನೋಡಲು ಏನೂ ಇರುವುದಿಲ್ಲ. ಆದರೂ ಹಿಡಿಯುತ್ತಿದ್ದರು.

“ಇದು ಪಡೀಲಿನ ಗುಡ್ಡೆಯದ್ದು. ಅಲ್ಲಿ ಗಾಳಿ ಜಾಸ್ತಿ, ಹಾಗೆ ಹುಳಿ ಉಂಟು.”

“ಗಾಳಿಯೂ ಅಲ್ಲ, ಗೀಳಿಯೂ ಅಲ್ಲ ಮಾರಾಯ್ರೇ,” ಎನ್ನುತ್ತಿದ್ದರು ಮಾವ. “ಅದು ನಿನ್ನೆಯದ್ದು.”

ಅವರ ಹೆಸರು ಸ್ಟೆಫಾನ್. ಮಾವನ ಬಾಯಲ್ಲಿ ಅದು ಸ್ಟೇಪಣ್ಣ ಆಯಿತು. ಹಡಗಿನ ಯಂತ್ರ ನೋಡಿಕೊಳ್ಳುತ್ತಿದ್ದವರು ಜ್ವರ ಬಂದು ನಮ್ಮ ಬಂದರಿನಲ್ಲಿ ಇಳಿದರು, ಮತ್ತೆ ಹತ್ತಲಿಲ್ಲ. ಹಂಚು ಒತ್ತುವ ಯಂತ್ರಗಳನ್ನು ರಿಪೇರಿ ಮಾಡುತ್ತಾ ಇಲ್ಲೇ ಉಳಿದರು. ಬಿ.ಎ. ಮುಗಿಸಿದ ನಾನು ಅದೇ ಕಾರ್ಖಾನೆಯಲ್ಲಿ ಇಂಗ್ಲಿಷ್ ಕಾಗದ ಬರೆಯುವ ಗುಮಾಸ್ತನಾಗಿದ್ದೆ.

ಅವರ ಊರು ರುಮೇನಿಯಾದಲ್ಲಿ. ಪೂರ್ವಕ್ಕೆ ಗುಡ್ಡೆ, ಪಶ್ಚಿಮಕ್ಕೆ ಬಯಲು. “ನಿಮ್ಮ ಹಾಗೆಯೇ. ಆದರೆ ಸಮುದ್ರದ ಜಾಗದಲ್ಲಿ ನಮಗೆ ಗೋಧಿ.” ಮಣ್ಣು ಇಲ್ಲಿಯಂತೆಯೇ ಕೆಂಪು. ಸಂಜೆಬಿಸಿಲು ಬೀಳುವ ಇಳಿಜಾರಿನಲ್ಲಿ ದ್ರಾಕ್ಷಿ. ಒಂದೊಂದು ಇಳಿಜಾರಿಗೆ ಒಂದೊಂದು ಹೆಸರು, ಒಂದೊಂದು ರುಚಿ. ಗುಡ್ಡೆಯನ್ನೇ ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ಪೀಪಾಯಿಗಳು. ಅಜ್ಜನ ಕಾಲದಲ್ಲಿ ಬೇರು ತಿನ್ನುವ ಹುಳ ಬಂದು ಊರಿಡೀ ಬಳ್ಳಿ ಒಣಗಿತಂತೆ. ಅಮೆರಿಕದಿಂದ ಬೇರು ತರಿಸಿ, ಅದಕ್ಕೆ ಊರಿನ ಕಡ್ಡಿ ಕಸಿ ಕಟ್ಟಿ ಮತ್ತೆ ಬೆಳೆಸಿದರಂತೆ. ಇದನ್ನು ಹೇಳುವಾಗ ಅವರು ಎರಡು ಬೆರಳನ್ನು ಜೋಡಿಸಿ ಒತ್ತಿ ಹಿಡಿಯುತ್ತಿದ್ದರು.

ಆ ಊರಿಗೆ ಮೂರು ಹೆಸರು. ಹಂಗೇರಿಯವರಿಗೆ ವೊರೊಶ್‌ಹೆಜ್, ಜರ್ಮನ್ ಮಾತಾಡುವವರಿಗೆ ರೋಟ್‌ಬರ್ಗ್, ರುಮೇನಿಯನ್ನರಿಗೆ ದ್ಯಾಲು ರೋಶು. ಮೂರರ ಅರ್ಥವೂ ಕೆಂಪು ಗುಡ್ಡೆ. ಅವರು ಹುಟ್ಟಿದಾಗ ಅದು ಹಂಗೇರಿಯ ಆಳ್ವಿಕೆಯಲ್ಲಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ರುಮೇನಿಯಾಕ್ಕೆ ಸೇರಿತು.

ಎರಡನೆಯ ಯುದ್ಧ ಶುರುವಾದಾಗ ಮದರಾಸಿನಿಂದ ಒಬ್ಬ ಅಧಿಕಾರಿ ಬಂದ, ಶತ್ರುದೇಶದವರನ್ನು ಹಿಡಿದೊಯ್ಯಲು. ಕಾರ್ಖಾನೆಯ ಅಂಗಳದ ಲಾರಿಯಲ್ಲಿ ಆಗಲೇ ಇಬ್ಬರು ಜರ್ಮನರು ಕುಳಿತಿದ್ದರು. ಸ್ಟೇಪಣ್ಣನಿಗೆ ಇಂಗ್ಲಿಷ್ ಬಾರದು, ಅಧಿಕಾರಿಗೆ ಕನ್ನಡ ಬಾರದು. ನಡುವೆ ನಾನು. ಮೇಜಿನ ಮೇಲೆ ಮೂರು ಕಾಗದ: ಹುಟ್ಟಿದ ದಾಖಲೆಯಲ್ಲಿ ಊರಿನ ಹಂಗೇರಿಯನ್ ಹೆಸರು, ಕೆಲಸ ಕಲಿತ ಪ್ರಮಾಣಪತ್ರದಲ್ಲಿ ಜರ್ಮನ್, ಪಾಸ್‌ಪೋರ್ಟಿನಲ್ಲಿ ರುಮೇನಿಯನ್.

ಮೂರು ಊರಿನಲ್ಲಿ ಹುಟ್ಟಿದವನು ಗೂಢಚಾರನಲ್ಲದೆ ಇನ್ನೇನು ಎಂದು ಅಧಿಕಾರಿ ಕೇಳಿದ. ನಾನು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ.

“ನಾನು ಒಂದೇ ಕಡೆ ಹುಟ್ಟಿದ್ದು,” ಎಂದರು ಸ್ಟೇಪಣ್ಣ. “ಊರು ಅಲ್ಲೇ ಉಂಟು. ದೇಶ ಬದಲಾದರೆ ನಾನು ಎಂತ ಮಾಡ್ಲಿ?”

ಅಧಿಕಾರಿ ನಂಬಲಿಲ್ಲ, ಪೊಲೀಸನಿಗೆ ಕೈಸನ್ನೆ ಮಾಡಿದ. ನಾನು, ಒಂದು ನಿಮಿಷ ಕೊಡಿ ಎಂದು ಬೇಡಿಕೊಂಡು, ಬಾಗಿಲಲ್ಲಿ ಇಣುಕುತ್ತಿದ್ದವರನ್ನು ಕೇಳಿದೆ, ಇದು ಯಾವ ಊರು ಎಂದು.

“ಕುಡ್ಲ ಅತ್ತಾ ಅಣ್ಣಾ?” ಎಂದಳು ಹಂಚು ಹೊರುವ ತುಳುವಿನವಳು.

“ಕೊಡಿಯಾಲ್,” ಎಂದಳು ಪಕ್ಕದ ಕೊಂಕಣಿ ಬಾಯಿ.

“ಮೈಕಾಲ,” ಎಂದ ಬ್ಯಾರಿ ಗಾಡಿಯವನು. “ಎಂತ, ಊರು ಮಾರ್ಲಿಕ್ಕೆ ಉಂಟಾ?”

ಇವರು ಮೂವರೂ ಮಂಗಳೂರಿನಲ್ಲೇ ಹುಟ್ಟಿದವರು ಎಂದು ಅಧಿಕಾರಿಗೆ ಹೇಳಿದೆ. ಅವನು ನಗಲಿಲ್ಲ. ರಿಜಿಸ್ಟರನ್ನು ನನ್ನ ಕಡೆ ತಳ್ಳಿ, ಹುಟ್ಟಿದ ಊರಿಗೆ ಒಂದೇ ಹೆಸರು ಬರೆಯಬೇಕು ಎಂದ.

“ಈಗ ಯಾವುದು ಒಳ್ಳೆಯದು?” ಎಂದು ಸ್ಟೇಪಣ್ಣ ಮೆಲ್ಲಗೆ ಕೇಳಿದರು.

ರುಮೇನಿಯಾ ಆಗ ಯಾವ ಪಕ್ಷದಲ್ಲೂ ಇರಲಿಲ್ಲ. ದ್ಯಾಲು ರೋಶು, ರುಮೇನಿಯಾ ಎಂದು ದುಂಡಗೆ ಬರೆದೆ. ಲಾರಿ ಅವರನ್ನು ಬಿಟ್ಟು ಹೋಯಿತು.

ಎರಡು ವರ್ಷ ಚಿಲ್ಲರೆ ಕಳೆಯುವಷ್ಟರಲ್ಲಿ ರುಮೇನಿಯಾ ಜರ್ಮನಿಯ ಜೊತೆ ಸೇರಿ ಇಂಗ್ಲೆಂಡಿನ ಶತ್ರುವಾಯಿತು. ಹಂಗೇರಿಯೂ ಆಯಿತು. ಮೂರರಲ್ಲಿ ಯಾವ ಹೆಸರು ಬರೆದಿದ್ದರೂ ಅಷ್ಟೇ ಎಂದು ನನಗೆ ಗೊತ್ತು. ಗೊತ್ತಿದ್ದೂ ಆ ಪುಟವನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹರಿದು ಬೇರೆ ಬರೆದಿದ್ದೇನೆ.

ಈ ಸಲ ಬೇರೆ ಅಧಿಕಾರಿ ಬಂದ, ರಿಜಿಸ್ಟರ್ ಅದೇ. ಪ್ರಶ್ನೆ ಇರಲಿಲ್ಲ, ದುಭಾಷಿಯೂ ಬೇಕಾಗಲಿಲ್ಲ. ಲಾರಿಯ ಪಕ್ಕದಲ್ಲಿ ನಿಂತು ಅವನು ನನ್ನ ಅಕ್ಷರವನ್ನು ತಡವರಿಸುತ್ತಾ ಓದಿದ: “ಡೀಲು ರೋಸು.”

“ದ್ಯಾಲು ರೋಶು,” ಎಂದರು ಸ್ಟೇಪಣ್ಣ.

ಅಧಿಕಾರಿ ಮತ್ತೆ ಓದಿದ. ಈ ಸಲ ಸರಿಯಾಯಿತು. ಅವರು ತಲೆಯಾಡಿಸಿ ಲಾರಿ ಹತ್ತಿದರು.