ಸುನ್ನಿವಾ ತಾನಾಗಿ ತಂದ ಕೇಕು

ನಾರ್ವೆಯ ಟ್ರೊಂಡ್‌ಹೈಮ್ ನಗರದ ನಮ್ಮ ಪ್ರಯೋಗಾಲಯದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರು ಶುಕ್ರವಾರ ಕೇಕು ತರಬೇಕು. ಮುಖ್ಯಸ್ಥ ಟೋರ್ಲೈಫ್ ತಂದ ಕೇಕುಗಳಿಂದಲೇ ಹಲವರ ಸೊಂಟ ದಪ್ಪವಾಗಿದೆ. ಸುನ್ನಿವಾ ಹೋಲ್ಟೆ ಮಾತ್ರ ಎಂದೂ ತಂದವಳಲ್ಲ.

"ನಿಮ್ಮನೇಲಿ ಓವನ್ ಇದೆ ತಾನೇ?" ಎಂದು ಅಳತೆಯ ಕೋಣೆಯ ಗುನ್ವೋರ್ ಕಿಚಾಯಿಸುತ್ತಿದ್ದಳು.

ಸುನ್ನಿವಾ ನಾಮ್ಸೋಸ್ ಎಂಬ ಊರಿನ ಮೀನು ಕಾರ್ಖಾನೆಯ ಕೆಲಸಗಾರ್ತಿಯ ಮಗಳು. ರಸಾಯನಶಾಸ್ತ್ರ ಓದಿ, ಬಹಳ ಕಾಲ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ನಲವತ್ತು ದಾಟಿದ ಮೇಲೆ ಕಂಪ್ಯೂಟರಿಗೆ ಪಾಠ ಹೇಳಲು ಬಂದವಳು. ಯಾವ ದ್ರವ ಎಂಥ ಚಳಿಗೆ ಎಷ್ಟು ಮಂದವಾಗುತ್ತದೆ ಎಂದು ಅಳೆಯುವ ಮೊದಲೇ ಹೇಳುವ ನ್ಯೂರಲ್ ನೆಟ್‌ವರ್ಕ್ ಎಂಬ ಪ್ರೋಗ್ರಾಂ ಅವಳ ಕೈಕೂಸು. ಹಳೆಯ ಅಳತೆಗಳನ್ನು ಅದಕ್ಕೆ ಕಲಿಸುತ್ತಿದ್ದಳು. ಕೆಲವನ್ನು ಬಚ್ಚಿಟ್ಟುಕೊಂಡು, ಆಮೇಲೆ ಅವುಗಳಲ್ಲೇ ಪರೀಕ್ಷೆ ಮಾಡುತ್ತಿದ್ದಳು. ನೆಟ್‌ವರ್ಕ್ ಪ್ರತಿಸಲವೂ ನೂರಕ್ಕೆ ನೂರರ ಹತ್ತಿರ ಬರುತ್ತಿತ್ತು.

ಆ ಚಳಿಗಾಲ ಉತ್ತರದ ಕರಾವಳಿಗೆಂದು ಬ್ಯಾಟರಿಯ ಆಂಬುಲೆನ್ಸ್ ದೋಣಿ ಕಟ್ಟುತ್ತಿದ್ದರು. ಬೆಚ್ಚಗಿನ ದ್ರವ ಸುತ್ತಲೂ ಹರಿಯದೆ ಅಲ್ಲಿಯ ಚಳಿಯಲ್ಲಿ ಬ್ಯಾಟರಿ ಕೆಲಸ ಮಾಡದು. ದ್ರವವೋ ಹೊಸದು. ಕಡುಚಳಿಯಲ್ಲಿ ಅದು ಅಂಟಿನಂತಾದರೆ ಪಂಪು ತಳ್ಳಲಾರದು, ರೋಗಿ ದಡದಲ್ಲೇ ಉಳಿಯಬೇಕು. ಅಳೆದು ನೋಡೋಣವೆಂದರೆ ಗುನ್ವೋರಳ ಯಂತ್ರ ರಿಪೇರಿಗೆ ಹೋಗಿತ್ತು. ದ್ರವ ಅಷ್ಟೇನೂ ಮಂದವಾಗದು, ಸಣ್ಣ ಪಂಪು ಸಾಕು ಎಂದಿತು ನೆಟ್‌ವರ್ಕ್. ಪಂಪು ಆರಿಸಿಕೊಡುವ ಹೊಣೆ ನಮ್ಮ ಪ್ರಯೋಗಾಲಯದ್ದು; ಟೋರ್ಲೈಫ್ ಸಹಿ ಹಾಕುವುದೊಂದೇ ಬಾಕಿ.

ಆದರೆ ಎಲ್ಲ ಪರೀಕ್ಷೆಯಲ್ಲೂ ಅಷ್ಟು ಅಂಕ ತೆಗೆಯುವ ಹುಡುಗನ ಮೇಲೆ ಹಳೆಯ ಟೀಚರಿಗೆ ಅನುಮಾನ ಬಂದೇ ಬರುತ್ತದೆ. ಸುನ್ನಿವಾ ಕೆದಕಿ ನೋಡಿದಳು. ಒಂದೇ ದ್ರವದ ಒಂದು ಅಳತೆ ಪಾಠದಲ್ಲಿತ್ತು, ಅದರದ್ದೇ ಇನ್ನೊಂದು ಅಳತೆ ಪರೀಕ್ಷೆಯಲ್ಲಿತ್ತು. ಪರಿಚಯದ ದ್ರವಗಳಾದ್ದರಿಂದ ನೆಟ್‌ವರ್ಕ್ ಸಲೀಸಾಗಿ ಉತ್ತರಿಸಿತ್ತು. ದೋಣಿಯ ಹೊಸ ದ್ರವದ ಮುಖವನ್ನು ಅದು ಕಂಡೇ ಇರಲಿಲ್ಲ. ಈ ಸಲ ಕೆಲವು ದ್ರವಗಳನ್ನು ಪೂರ್ತಿಯಾಗಿ ಬಚ್ಚಿಟ್ಟು ಮತ್ತೆ ಕಲಿಸಿದಳು. ಅಂಕಗಳು ದಡದಡನೆ ಇಳಿದವು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಶುಕ್ರವಾರ ಕಾಫಿಯ ಮೇಜಿನ ಮೇಲೆ ಸೇಬಿನ ಕೇಕು ಕುಳಿತಿತ್ತು.

"ಯಾರ ತಪ್ಪು ಇವತ್ತು?" ಟೋರ್ಲೈಫ್ ಚಾಕು ಹುಡುಕುತ್ತ ಕೇಳಿದ.

"ನಂದು," ಎಂದಳು ಸುನ್ನಿವಾ. "ಸಹಿ ಹಾಕ್ಬೇಡ. ನೆಟ್‌ವರ್ಕ್ ಬಾಯಿಪಾಠ ಹೊಡೀತಿತ್ತು, ನಾನು ಅದನ್ನ ಜಾಣ ಅಂದ್ಕೊಂಡಿದ್ದೆ."

"ಯಾರು ಹಿಡಿದ್ರು?"

"ನಾನೇ."

ಸಿಕ್ಕಿಬೀಳದೆ ಕೇಕು ತಂದವರನ್ನು ಆ ಕೋಣೆ ಕಂಡಿರಲಿಲ್ಲ.

"ಹಾಗಾದ್ರೆ ಈಗ ಏನಂತೆ ಅದು?" ಎಂದ ಟೋರ್ಲೈಫ್.

"ದ್ರವ ಇಷ್ಟರಿಂದ ಇಷ್ಟರೊಳಗೆ ಮಂದ ಆಗುತ್ತೆ ಅಂತ ಮಾತ್ರ ಹೇಳ್ಬಲ್ಲೆ. ಮೇಲಿನ ಅಂಚಿಗೆ ತಕ್ಕ ಪಂಪು ತರಿಸು."

"ದೊಡ್ಡ ಪಂಪಿನ ಬೆಲೆ ನೋಡಿ ದೋಣಿಯವ್ರು ನನ್ನ ಚರ್ಮ ಸುಲೀತಾರೆ," ಎಂದು ಗೊಣಗಿದ ಟೋರ್ಲೈಫ್. ಆದರೂ ದೊಡ್ಡ ಪಂಪಿಗೇ ಸಹಿ ಹಾಕಿದ.

ವಸಂತದಲ್ಲಿ ಯಂತ್ರ ವಾಪಸು ಬಂತು. ಗುನ್ವೋರ್ ಹೊಸ ದ್ರವವನ್ನು ಅಳೆದು, ಕೈಗವಸನ್ನೂ ಬಿಚ್ಚದೆ ಸುನ್ನಿವಾಳ ಬಾಗಿಲಿಗೆ ಬಂದು ನಿಂತಳು.

"ಆ ಸಣ್ಣ ಪಂಪು ಹಾಕಿದ್ರೆ ದೋಣಿ ಅಲ್ಲಾಡ್ತಿರ್ಲಿಲ್ಲ ಕಣೇ. ದ್ರವದ ಅಳತೆ ನೀನು ಹೇಳಿದ ಅಂಚಿನ ಒಳಗೇ ಇದೆ."

ಸುನ್ನಿವಾ ತಲೆಯಾಡಿಸಿದಳು. ಗುನ್ವೋರ್ ಹೋದ ಮೇಲೆ ಕಣ್ಣೊರೆಸಿಕೊಂಡಳು. ಎದೆಯಲ್ಲಿ ಹೆಮ್ಮೆ ಹಿಡಿಸದಷ್ಟಿತ್ತು. ಅದನ್ನು ಯಾರಿಗಾದರೂ ಹೇಳದಿದ್ದರೆ ಆಗುತ್ತಿರಲಿಲ್ಲ. ತಾಯಿಗೆ ಫೋನ್ ಮಾಡಿದಳು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರನ್ನು ಕಂಡರಾಗದ ಹೆಂಗಸು ಆಕೆ.

"ಅಮ್ಮ, ನಾನೊಂದು ಒಳ್ಳೆ ಕೆಲಸ ಮಾಡಿದೀನಿ," ಎಂದು ಎಲ್ಲ ಹೇಳಿದಳು.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಇರು, ಸ್ಪೀಕರ್ ಹಾಕ್ತೀನಿ," ಎಂದಳು ತಾಯಿ. "ಪಕ್ಕದ್ಮನೆಯವಳು ಬಂದಿದಾಳೆ. ಮೊದಲಿಂದ ಹೇಳು."