ಮಾವ ಹಾಕಿದ ಟೈರು

ನಮ್ಮ ಸೋದರಮಾವನ ಒಂಬತ್ತು ಬೆರಳು ಸದಾ ಬೆಳ್ಳಗಿರುತ್ತಿದ್ದವು. ಎಡಗೈ ಕಿರುಬೆರಳು ಮಾತ್ರ ಉಗುರಿನಿಂದ ಬುಡದವರೆಗೆ ಕಪ್ಪು. ಮದುವೆ ಮನೆಯಲ್ಲಿ ಅಕ್ಷತೆ ಹಾಕುವಾಗಲೂ ಆ ಒಂದು ಬೆರಳು ಎದ್ದು ಕಾಣುತ್ತಿತ್ತು. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಅವನದೊಂದು ಬೈಕ್ ಟೈರ್ ಅಂಗಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಟೈರ್ ಅಂಗಡಿ ನಡೆಸಿದವನನ್ನು ನಾನು ಕಂಡಿದ್ದು ಅವನೊಬ್ಬನನ್ನೇ. ಬಿಚ್ಚುವುದಕ್ಕೆ, ಏರಿಸುವುದಕ್ಕೆ, ಗಾಳಿ ಹೊಡೆಯುವುದಕ್ಕೆ ಆಳುಗಳಿದ್ದರು. ಹೊಸ ಟೈರು ಏರಿದ ಮೇಲೆ ಮಾವ ಅಂಗಿಯ ತೋಳು ಮಡಿಸಿ, ಬಗ್ಗಿ, ಆ ಕಿರುಬೆರಳನ್ನು ಚೈನಿಗೂ ಟೈರಿಗೂ ನಡುವೆ ತೂರಿಸಿ ನೋಡುತ್ತಿದ್ದ. ಬೆರಳು ಸಲೀಸಾಗಿ ಹೋದರೆ ಗಾಡಿ ಹೊರಡಬಹುದು. ಸಿಕ್ಕಿಕೊಂಡರೆ ಟೈರು ಮತ್ತೆ ಗೋಡೆಯ ಮೊಳೆಗೆ.

ಮಾವನಿಗೆ ಬಾಯಿ ಜಾಸ್ತಿ, ಧಿಮಾಕೂ ಜಾಸ್ತಿ. "ನಾನ್ ಹೇಳಿದ್ಮ್ಯಾಲೆ ಮುಗೀತು" ಅನ್ನುವುದು ಅವನ ಮಾತಿನ ಮುದ್ರೆ. ಗಿರಾಕಿ ಏನಾದರೂ ವಾದಕ್ಕೆ ನಿಂತರೆ, "ಪಕ್ಕದ ಅಂಗಡಿ ತೆಗದೈತೆ, ಅಲ್ಲಿ ಹೋಗ್ರಿ" ಎಂದು ಕೈ ತೋರಿಸುತ್ತಿದ್ದ. ಖುಷಿಯಾದರೆ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು. ಕಿರುಬೆರಳು ಸಲೀಸಾಗಿ ಹೋಯಿತೆಂದರೆ "ಬಾಗುಂದಿ!" ಎಂದು ಸೀಟಿನ ಮೇಲೆ ಒಂದು ಏಟು ಹಾಕುತ್ತಿದ್ದ. ಇಷ್ಟೆಲ್ಲಾ ಜೋರು ಇದ್ದವನು ಹೆದರುತ್ತಿದ್ದುದು ಒಬ್ಬಳಿಗೆ, ನಮ್ಮವ್ವನಿಗೆ. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದು ಮಗ್ಗದ ಗುಂಡಿಯಲ್ಲಿ ಕಾಲಿಟ್ಟ ಮೇಲೂ ಅವಳಿಗೆ ತವರುಮನೆ ಅಂದರೆ ಈ ತಮ್ಮನ ಮನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ನೂರೈವತ್ತು ಸಿಸಿಯ ಸ್ಪೋರ್ಟ್ಸ್ ಗಾಡಿಗಳು ಬಂದವು. ಮುಂದೆ ಎದೆ ಸೆಟೆಸಿ, ಹಿಂದೆ ಸೀಟು ಎತ್ತಿ ನಿಂತ ಗಾಡಿಗಳು. ಅವುಗಳ ಹಿಂದಿನ ಟೈರು ಮಾತ್ರ ಬಡಕಲು ಎಂದು ಹುಡುಗರ ದೂರು. ಪೋಸ್ಟರಿನಲ್ಲಿ ಕಾಣುವ ದೊಡ್ಡ ಗಾಡಿಗಳ ಹಾಗೆ ಹಿಂದೆ ದಪ್ಪ ಟೈರು ಹಾಕಿಸುವ ಹುಚ್ಚು ಊರಿಗೆಲ್ಲ ಹಬ್ಬಿತು. ಟೈರಿನ ಪಕ್ಕೆಯ ಮೇಲೆ ಅದರ ಅಗಲವನ್ನು ಮಿಲಿಮೀಟರಿನಲ್ಲಿ ಒತ್ತಿರುತ್ತಾರೆ. ಕಂಪನಿ ನೂರರದ್ದು ಕೊಟ್ಟಿದ್ದರೆ ಹುಡುಗರಿಗೆ ನೂರಮೂವತ್ತರದ್ದೇ ಬೇಕು.

ಅಂಥವರಿಗೆಂದೇ ಮಾವ ಒಂದು ಪರೀಕ್ಷೆ ಇಟ್ಟಿದ್ದ. ಅಂಗಡಿಯ ಮುಂದಿನ ಸಿಮೆಂಟು ನೆಲದ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಹರಡಿ, ಮಾಲೀಕನನ್ನು ಗಾಡಿಯ ಮೇಲೆ ಕೂರಿಸಿ, ಅದರ ಮೇಲೆ ಉರುಳಿಸುತ್ತಿದ್ದ. ಅಚ್ಚು ಮೂಡಿದಷ್ಟೇ ಟೈರು ನೆಲ ಮುಟ್ಟುತ್ತದೆ. ಸಣ್ಣ ರಿಮ್ಮಿಗೆ ದಪ್ಪ ಟೈರು ಏರಿಸಿದರೆ ಪಕ್ಕೆಗಳು ಒಳಕ್ಕೆ ಎಳೆದುಕೊಂಡು ಹೊಟ್ಟೆ ಉಬ್ಬುತ್ತದೆ, ಆಗ ನಡುವೆ ಒಂದು ಪಟ್ಟಿ ಬಿಟ್ಟರೆ ಉಳಿದದ್ದು ನೆಲ ಕಾಣುವುದೇ ಇಲ್ಲ. "ನೋಡಪ್ಪಾ, ಹಾಕ್ಸಿದ್ದು ಅಷ್ಟಗಲ, ಮುಟ್ಟಿದ್ದು ಇಷ್ಟಗಲ. ಉಳಿದಿದ್ದು ಯಾರಿಗ್ ತೋರ್ಸಾಕೆ?" ಎಂದು ಮಾವ ಕೇಳುತ್ತಿದ್ದ. ಮನೆ ಬಾಗಿಲಿಗೆ ಹಾಕಲು ಒಂದು ಚಿಟಿಕೆ ರಂಗೋಲಿ ಉಳಿಯುವುದಿಲ್ಲ ಎಂದು ಅತ್ತೆಯ ಗೊಣಗಾಟ ಬೇರೆ.

ಊರಿಗೆಲ್ಲ ರಂಗೋಲಿ ಹಾಸಿದ ಮಾವ ನನಗೆ ಹಾಸಲಿಲ್ಲ. ನಾನಾಗ ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ರೇಷ್ಮೆ, ಜರಿ ಮುಟ್ಟಿಸಿ, ನೇಯ್ದ ಸೀರೆಗಳನ್ನು ಚಳ್ಳಕೆರೆಯ ವ್ಯಾಪಾರಿಗೆ ತಲುಪಿಸುವ ಕೆಲಸ ಹಿಡಿದಿದ್ದೆ. ಅದಕ್ಕೆಂದು ಸೆಕೆಂಡ್ ಹ್ಯಾಂಡಿನ ಒಂದು ಕೆಂಪು ಸ್ಪೋರ್ಟ್ಸ್ ಗಾಡಿ ಕೊಂಡು ಮೊದಲು ಮಾವನಿಗೇ ತೋರಿಸಿದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ. ಹಿಂದೆ ನಿಂತು ಮುಖ ಸಿಂಡರಿಸಿದ.

"ನಮ್ಮಕ್ಕನ ಮಗ ಇಂಥ ಬಡಕಲು ಟೈರ್ ಮ್ಯಾಲೆ ಹೋಗಾದಾ? ಲೇ, ಆ ನೂರಮೂವತ್ತರದ್ದು ಇಳಿಸ್ರೋ."

ನಾನು ಕೇಳಿಯೂ ಇರಲಿಲ್ಲ. ಬೇಡ ಅನ್ನುವಷ್ಟು ಒಳ್ಳೆಯವನೂ ನಾನಾಗಿರಲಿಲ್ಲ. ಟೈರು ಏರಿತು. ಕಿರುಬೆರಳು ಚೈನಿನ ಪಕ್ಕ ಬಿಗಿಯಾಯಿತು. ಮಾವ ಅದನ್ನು ಸ್ವಲ್ಪ ತಿರುಚಿ, ಹೇಗೋ ತೂರಿಸಿ, "ಬಾಗುಂದಿ" ಅಂದ. ಬೇರೆ ಯಾರದೇ ಗಾಡಿಯಾಗಿದ್ದರೂ ಆ ಟೈರು ಗೋಡೆಗೆ ವಾಪಸಾಗುತ್ತಿತ್ತು. ಅಳಿಯನ ಮೇಲಿನ ಪ್ರೀತಿಗೆ ಮಾವನ ಬೆರಳೂ ಸಣ್ಣದಾಯಿತು.

ಆ ವರ್ಷಗಳಲ್ಲಿ ಬಳ್ಳಾರಿಯ ಅದಿರಿನ ಲಾರಿಗಳು ನಮ್ಮ ರಸ್ತೆಯನ್ನು ಕಿತ್ತು ಹಾಕಿದ್ದವು. ಬೆನ್ನ ಹಿಂದೆ ಸೀರೆಯ ಗಂಟು, ಕೆಳಗೆ ಗುಂಡಿ ಮೇಲೆ ಗುಂಡಿ. ಒಂದೊಂದು ಗುಂಡಿಗೂ ಚೈನು ಕುಣಿದು ಟೈರಿನ ಪಕ್ಕೆಯನ್ನು ಕೊರೆಯುತ್ತಿತ್ತು, ಅದು ನನಗೆ ಗೊತ್ತಿರಲಿಲ್ಲ. ಬಿ.ಜಿ. ಕೆರೆ ದಾಟಿದ ಮೇಲಿನ ತಿರುವಿನಲ್ಲಿ ಗಾಡಿಯನ್ನು ವಾಲಿಸಿದ್ದೆ, ಟೈರು ಢಮ್ ಎಂದಿತು. ಸೀರೆ ಗಂಟು ಒಂದು ಕಡೆ, ನಾನು ಜಾಲಿ ಪೊದೆಯಲ್ಲಿ. ಹೆಗಲ ಮೂಳೆ ಮುರಿದಿತ್ತು. ಹಿಂದೆ ಬರುತ್ತಿದ್ದ ಅದಿರಿನ ಲಾರಿಯವನು ಬ್ರೇಕ್ ಹಾಕಿದ್ದರಿಂದ ಬದುಕಿಕೊಂಡೆ.

ವಿಷಯ ಕೇಳಿ ಮೊಳಕಾಲ್ಮೂರಿಗೆ ಓಡಿ ಬಂದ ಮಾವ ಅಂಗಳದಲ್ಲಿ ಬಿದ್ದಿದ್ದ ಗಾಡಿಯ ಟೈರು ನೋಡಿದ. ಪಕ್ಕೆಯಲ್ಲಿ ಚೈನು ಕೊರೆದ ಗೆರೆ ಕಾಣುತ್ತಿತ್ತು. ಇನ್ನೊಬ್ಬನಾಗಿದ್ದರೆ ರಸ್ತೆಯ ಮೇಲೋ ನನ್ನ ಓಟದ ಮೇಲೋ ಹಾಕಿ ಜಾರಿಕೊಳ್ಳುತ್ತಿದ್ದ. ಮಾವ ನೆಟ್ಟಗೆ ಒಳಗೆ ಬಂದು ಮಗ್ಗದ ಪಕ್ಕ ನಿಂತ.

"ಅಕ್ಕಾ, ತಪ್ಪು ನಂದು. ಟೈರ್ ಹಿಡಿಸ್ತಿರ್ಲಿಲ್ಲ. ಗೊತ್ತಿದ್ದೂ ಹಾಕ್ದೆ."

ಅವ್ವ ಲಾಳಿ ಕೆಳಗಿಟ್ಟಳು. "ನನ್ ಮಗನ ಗಾಡಿ ಇನ್ಮ್ಯಾಲೆ ನೀನು ಮುಟ್ಟಬ್ಯಾಡ. ನನ್ ಹೊಸ್ಲೂ ತುಳಿಬ್ಯಾಡ" ಅಂದಳು. ಮಾವ ನೀರೂ ಕುಡಿಯದೆ ಬಸ್ಸು ಹತ್ತಿದ.

ಆ ವರ್ಷ ನಾಗರಪಂಚಮಿಗೆ ಅವ್ವ ತವರಿಗೆ ಹೋಗಲಿಲ್ಲ. ಉಂಡೆ ಕಟ್ಟಿದಳು, ಜೋಕಾಲಿಯ ಹಗ್ಗ ಬಿಗಿದಳು, ತಮ್ಮನ ಮಾತು ಎತ್ತಿದವರ ಮೇಲೆಲ್ಲ ರೇಗಿದಳು. ಅತ್ತ ಮಾವ ನನ್ನ ಒಡೆದ ಟೈರನ್ನು ಅಂಗಡಿಯ ಮುಂದೆಯೇ ನೇತುಹಾಕಿ, ದಪ್ಪ ಟೈರು ಕೇಳಿ ಬಂದವರಿಗೆಲ್ಲ ಅದರ ಪಕ್ಕೆಯನ್ನು ತೋರಿಸಿ, "ಇದು ನಾನೇ ಹಾಕಿದ್ದು ಕಣಪ್ಪಾ, ನನ್ ಸ್ವಂತ ಅಳಿಯನಿಗೆ" ಅನ್ನುತ್ತಿದ್ದನಂತೆ. ಅಂಥ ಧಿಮಾಕಿನವನು ಊರಿನೆದುರು ತನ್ನ ತಪ್ಪನ್ನು ತಾನೇ ಮೊಳೆಗೆ ಹಾಕಿಕೊಂಡ. ಅವನು ನನಗೆ ದೊಡ್ಡವನಾಗಿ ಕಂಡಿದ್ದು ಆಗ.

ಹೆಗಲು ಕೂಡಿಕೊಂಡಿತು. ಗಾಡಿ ಇಲ್ಲದೆ ನನ್ನ ಕೆಲಸ ನಡೆಯುವಂತಿರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಟೈರು ಹಾಕಿಸಿಕೊಳ್ಳುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವಳು, "ಯಾರೋ ಹಾಕಿದ್ ಟೈರಿನ್ ಮ್ಯಾಲೆ ನಿನ್ನ ಹೆಂಗ್ ಕಳಿಸ್ಲಿ? ನಡಿ, ಆ ತಿರುಬೋಕಿ ಹತ್ರನೇ ಹೋಗಾನ. ನನ್ ಕಣ್ಮುಂದೆ ಹಾಕ್ಲಿ" ಅಂದಳು. ಗಾಡಿಯನ್ನು ಟೆಂಪೋದಲ್ಲಿ ಹೇರಿಸಿ, ನಾವು ಬಸ್ಸಿನಲ್ಲಿ ಹೋದೆವು.

ಅಕ್ಕನನ್ನು ಕಂಡ ಮಾವ ಬಿಳಿ ಅಂಗಿಯಲ್ಲೇ ಸ್ಟೂಲು ಒರೆಸಿದ. ಅವ್ವ ಕೂರಲಿಲ್ಲ. ಮಾವ ಆಳುಗಳನ್ನು ಮುಟ್ಟಗೊಡದೆ ತಾನೇ ಟೈರು ಏರಿಸಿದ, ಈ ಸಲ ತೊಂಬತ್ತರದ್ದು, ಕಂಪನಿ ಕೊಟ್ಟಿದ್ದಕ್ಕಿಂತಲೂ ಸಣ್ಣದು. ರಂಗೋಲಿ ಹರಡಿದ. ನನ್ನನ್ನೂ, ಬೆನ್ನ ಹಿಂದೆ ಸೀರೆ ಗಂಟಿನ ಭಾರಕ್ಕೆ ಒಬ್ಬ ಆಳನ್ನೂ ಕೂರಿಸಿ ಉರುಳಿಸಿದ. ಅವ್ವ ಅಚ್ಚಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಬೆಳಗೆದ್ದರೆ ರಂಗೋಲಿ ಹಾಕುವವಳು, ಹೊತ್ತು ಮುಳುಗುವವರೆಗೆ ಸೀರೆಯ ಅಂಚು ನೋಡುವವಳು, ಅವಳ ಕಣ್ಣಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಅಂಚಿಲ್ಲ ಇದಕ್ಕೆ" ಅಂದಳು. "ಭಾರಕ್ಕೆ ಸೋತು ಹೊರಗ್ ಹರಡೈತೆ. ಯಾಕೆ ಇಷ್ಟು ಸಣ್ಣದು ಹಾಕ್ದೆ?"

"ಸಣ್ಣದಾದ್ರೆ ಚೈನಿಗೆ ತಗುಲಲ್ಲ ಅಕ್ಕಾ. ಭಯ ಇಲ್ಲ."

"ಭಯ ನಿಂಗೈತೆ, ಗಾಡಿಗಿಲ್ಲ. ಅವತ್ತು ಪ್ರೀತಿಗೆ ದಪ್ಪ ಹಾಕ್ದೆ, ಇವತ್ತು ನನ್ ಭಯಕ್ಕೆ ಸಣ್ಣ ಹಾಕ್ತಿದೀಯಾ. ನಮ್ಮಿಬ್ರನ್ನೂ ಮರ್ತು ಗಾಡಿ ನೋಡೋ ಲೋ."

ಮಾವ ತೊಂಬತ್ತರದ್ದನ್ನು ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಗೋಡೆಯಿಂದ ನೂರಹತ್ತರದ್ದು ಇಳಿಸಿದ. ಕಂಪನಿ ಕೊಟ್ಟ ನೂರಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿನದು. ಗಂಟು ಹೊರುವ ಗಾಡಿಗೆ ಅಷ್ಟು ಬೇಕು, ಆ ರಿಮ್ಮು ಅದಕ್ಕಿಂತ ಹೆಚ್ಚು ತಡೆಯದು ಎಂದು ಹಳೆಯ ಧ್ವನಿಯಲ್ಲಿ, ಹಳೆಯ ಧಿಮಾಕಿನಲ್ಲಿ ಹೇಳಿದ. ಕಿರುಬೆರಳು ತಿರುಚದೆ, ತಡೆಯದೆ ಚೈನಿನ ಪಕ್ಕ ಹಾದುಹೋಯಿತು. ಮತ್ತೆ ರಂಗೋಲಿ, ಮತ್ತೆ ಉರುಳು. ಅಚ್ಚಿನ ಎರಡೂ ಕಡೆ ನೇರ ಅಂಚು ಮೂಡಿತ್ತು.

ಅವ್ವ ಎದ್ದು ಸೀರೆ ಕೊಡವಿಕೊಂಡಳು. "ಇದ್ನೇ ಬಿಡು" ಅಂದಳು. ಮಾವನಿಗೆ ಅಷ್ಟು ಸಾಲಲಿಲ್ಲ. "ಗಾಡಿ ಮ್ಯಾಲೆ ಕುಂತ್ಕ ಅಕ್ಕಾ, ನಿನ್ ಮಗ ಊರ್ ತನಕ ಬಿಡ್ತಾನೆ" ಅಂದ. ಅವ್ವ ಅವನನ್ನು ನೆಟ್ಟಗೆ ನೋಡಿದಳು. "ಟೈರ್ ಒಪ್ಕಂಡೆ. ನಿನ್ನ ಇನ್ನೂ ಒಪ್ಪಿಲ್ಲ. ನಾನ್ ಬಸ್ಸಿಗೇ ಬರ್ತೀನಿ."

ಮುಂದಿನ ಪಂಚಮಿಗೆ ತವರಿಗೆ ಹೋದಳು, ಬಸ್ಸಿನಲ್ಲೇ. ಅವಳ ಬಸ್ಸಿನ ಹಿಂದೆ ನನ್ನ ಖಾಲಿ ಗಾಡಿ. ಹೋಗುವಾಗ ಹಾಗೆ, ಬರುವಾಗ ಹಾಗೆ. ಊರವರಿಗೆ ಅದೊಂದು ತಮಾಷೆಯಾಯಿತು. ಮಾವನಿಗೆ ಆಗಲಿಲ್ಲ. ಟೈರು ಸವೆದಾಗಲೆಲ್ಲ ಅದೇ ಅಳತೆಯದನ್ನು ತಾನೇ ಏರಿಸಿ, ಬೆರಳು ತೂರಿಸಿ, ಆಮೇಲೆ ಯಾರಿಗೂ ಕೇಳದ ಹಾಗೆ ನನ್ನನ್ನು ಕೇಳುತ್ತಿದ್ದ: "ಅಕ್ಕ ಕುಂತ್ಳಾ?"

"ಇಲ್ಲ ಮಾವ."

"ಕೂರ್ತಾಳೆ ಬಿಡು. ನಾನ್ ಹಾಕಿದ್ಮ್ಯಾಲೆ ಕೂರ್ದೆ ಎಲ್ಲಿ ಹೋಗ್ತಾಳೆ" ಎಂದು ತೋಳು ಇಳಿಸಿಕೊಂಡು ಮುಂದಿನ ಗಿರಾಕಿಯನ್ನು ಗದರಲು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿಯಿಂದ ಫೋನು ಬಂತು. ಮಾವ ಗಾಡಿಯೊಂದರ ಪಕ್ಕ ಬಗ್ಗಿದವನು ಮೇಲೇಳಲಿಲ್ಲ, ಆಸ್ಪತ್ರೆಗೆ ಒಯ್ದಿದ್ದೇವೆ, ಬೇಗ ಬನ್ನಿ ಎಂದರು. ಹೊರಗೆ ಸಣ್ಣಗೆ ಮಳೆ. ಬಸ್ಸು ಆಗಷ್ಟೇ ಹೋಗಿತ್ತು. ಕಾರು ಯಾರದು ಸಿಗುತ್ತದೆ ಎಂದು ನಾನು ಬೀದಿಗೆ ಬಂದು ನೋಡುತ್ತಿದ್ದರೆ, ಅವ್ವ ಮಗ್ಗದಿಂದ ಎದ್ದವಳು ಬರಿಗಾಲಲ್ಲೇ ಬಂದು ಗಾಡಿಯ ಪಕ್ಕ ನಿಂತಿದ್ದಳು.

ನಾವು ಚಳ್ಳಕೆರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಾವನ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನು, ಹೇಳಲು ಆಗಲಿಲ್ಲ. ಆ ಸಂಕಟ ಇವತ್ತಿಗೂ ಎದೆಯಲ್ಲಿದೆ, ಅದಕ್ಕೇ ಇಷ್ಟೆಲ್ಲ ಬರೆದೆ. ಕುಂತಳು ಮಾವ, ನಿನ್ನ ಅಕ್ಕ ಕುಂತಳು. ಬಿ.ಜಿ. ಕೆರೆಯ ಅದೇ ತಿರುವಿನಲ್ಲಿ, ರಸ್ತೆ ನೆನೆದಿದೆ ಎಂದು ನಾನು ಹೆದರಿ ಬ್ರೇಕ್ ಹಿಡಿದೆ. ಅವಳು ಹಿಂದಿನಿಂದ ನನ್ನ ಹೆಗಲು ಒತ್ತಿ ಅಂದಳು:

"ನಿಧಾನ ಯಾಕ್ ಮಾಡ್ತೀಯಾ? ಓಡ್ಸು. ಟೈರ್ ಹಾಕಿರೋನು ನನ್ ತಮ್ಮ."